ಕಂಟ್ರೋಲರ್ ಸಹಿ ಇಲ್ಲದೆ ಗಾಡಿ ಬಿಡಂಗಿಲ್ಲ

ನಮ್ಮ ಸೋದರಮಾವನ ಮನೆಯಿಂದ ರಕ್ತ ಬಾರದೆ ಹೊರಬಂದವರು ಬೆಟಗೇರಿಯಲ್ಲಿ ಯಾರಾದರೂ ಇದ್ದರೆ ತೋರಿಸಿ, ಕಾಲಿಗೆ ಬೀಳುತ್ತೇನೆ! ಹಾಗಂತ ಮಾವ ಹೊಡೆಬಡಿ ಮನುಷ್ಯನಲ್ಲ. ಇರುವೆ ಕಂಡರೂ ದಾಟಿ ಹೋಗುವ ಜೀವ. ರಕ್ತ ತೆಗೆಯುವುದು ಅವನ ಲವ್‌ಬರ್ಡ್. ಗೇಣುದ್ದವೂ ಇಲ್ಲದ ಹಸಿರು ಮೈ, ಕೇಸರಿ ಮುಖ, ಮುಖದ ನಡುವೆ ಒಂದು ಕೊಕ್ಕು. ಆ ಕೊಕ್ಕಿನ ಗುರುತು ನನ್ನ ಎಡಗಿವಿಯ ಮೇಲಿದೆ. ಇದಕ್ಕೆ ಲವ್‌ಬರ್ಡ್ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ!

ಮಾವ ಬಸ್ ಕಂಡಕ್ಟರ್ ಆಗಿದ್ದವನು. ಗದಗಿನಿಂದ ಡಂಬಳ, ಮುಂಡರಗಿ ದಾಟಿ ಹೊಳೆದಂಡೆಯ ಕೊರ್ಲಹಳ್ಳಿಯವರೆಗೆ ಹೋಗುತ್ತ ಬರುತ್ತ ಇಡೀ ನೌಕರಿಯನ್ನು ನಿಂತುಕೊಂಡೇ ಮುಗಿಸಿದ. ಮದುವೆ? ಆಗಲಿಲ್ಲ. ಶಿರಹಟ್ಟಿಗೆ ಒಮ್ಮೆ ಕನ್ಯೆ ನೋಡಲು ಹೋಗಿದ್ದನಂತೆ. ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಬರುವ ಹೊತ್ತಿಗೆ ಈತ ಗಡಿಯಾರ ನೋಡಿ, “ನನ್ನ ಗಾಡಿ ಟೈಮ್ ಆತ್ರಿ, ಬರ್ತೇನ್ರಿ” ಎಂದು ಎದ್ದೇ ಬಿಟ್ಟನಂತೆ! ನಮ್ಮವ್ವ ಈ ಕಥೆಯನ್ನು ಪ್ರತಿ ಮದುವೆಯ ಪಂಕ್ತಿಯಲ್ಲೂ ಹೇಳಿ ನಗಿಸುತ್ತಾಳೆ. ಮಾವನೂ ನಗುತ್ತಾನೆ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ನಿವೃತ್ತಿಯಾದ ಮೇಲೆ ಶುರುವಾಯಿತು ಫಜೀತಿ. ದಿನವಿಡೀ ಮಂದಿಯ ನಡುವೆ ನುಗ್ಗಾಡಿದವನಿಗೆ ಈಗ ಎರಡು ಕೋಣೆ, ಒಂದು ಗೋಡೆ ಗಡಿಯಾರ. ಮೊದಲು ನಾಯಿ ಸಾಕಿದ. ಅದು ಹಗಲೆಲ್ಲ ಮಲಗುತ್ತಿತ್ತು. ಬೆಕ್ಕು ತಂದ, ಅದು ಊಟದ ಹೊತ್ತಿಗೆ ಮಾತ್ರ ಸಂಬಂಧಿಕ. ಕೊನೆಗೆ ಗದಗಿನ ಪೇಟೆಗೆ ಹೋಗಿ ಹಕ್ಕಿ ಕೇಳಿದ.

“ಇವನ್ನ ಜೋಡೀನ ಒಯ್ಯಬೇಕ್ರಿ ಕಾಕಾ, ಒಂಟಿ ಇಟ್ರ ಸಿಟ್ಟಿಗೇಳ್ತಾವ” ಎಂದ ಅಂಗಡಿಯವ.

“ಜೋಡಿ ಒಯ್ದ್ರ ಅವು ತಮ್ಮತಮ್ಮೊಳಗ ಮಾತಾಡ್ಕೋಂತ ಕುಂಡ್ರತಾವ. ನನ್ನ ಜೋಡಿ ಯಾರು ಮಾತಾಡ್ತಾರಲೇ?”

ಅಂಗಡಿಯವ ಒಂದೇ ಹಕ್ಕಿ ಕೊಟ್ಟ.

ಬಂದ ವಾರದಲ್ಲೇ ಅದು ಮನೆಯ ಯಜಮಾನಿಕೆ ಹಿಡಿಯಿತು. ನಾಯಿಯ ಮೂಗಿಗೆ ಒಂದು ಕೊಟ್ಟಿತು ನೋಡಿ, ನಾಯಿ ತನ್ನ ಗೋಣಿಚೀಲ ಬಿಟ್ಟು ಬಚ್ಚಲ ಬಾಗಿಲಿಗೆ ವರ್ಗವಾಯಿತು. ಇನ್ನು ಬೆಕ್ಕು! ಹಕ್ಕಿ ಹಿಡಿಯುವುದೇ ಕುಲಕಸುಬಾದ ಬೆಕ್ಕು, ಇದರ ಭಯಕ್ಕೆ ಕಪಾಟಿನ ತಲೆಯಿಂದ ಇಳಿಯುತ್ತಿರಲಿಲ್ಲ. ಇದನ್ನೆಲ್ಲ ನೋಡಿ ಮಾವ ಹಕ್ಕಿಗೆ ‘ಕಂಟ್ರೋಲರ್’ ಎಂದು ಹೆಸರಿಟ್ಟ. ಬಸ್‌ಸ್ಟ್ಯಾಂಡಿನ ಕಿಟಕಿಯೊಳಗೆ ಕೂತು ಗಾಡಿಗಳಿಗೆ ಸಹಿ ಹಾಕುತ್ತಾರಲ್ಲ, ಆ ಸಾಹೇಬರ ಹೆಸರು. ಅವರ ಸಹಿ ಬೀಳದೆ ಯಾವ ಬಸ್ಸೂ ಸ್ಟ್ಯಾಂಡ್ ಬಿಡುವಂತಿಲ್ಲ.

ಈ ಕಂಟ್ರೋಲರ್ ಬಂದವರಿಗೆ ಏನೂ ಮಾಡುತ್ತಿರಲಿಲ್ಲ. ಒಳಗೆ ಬನ್ನಿ, ಕೂತುಕೊಳ್ಳಿ, ಚುರುಮುರಿ ತಿನ್ನಿ, ಚಹಾ ಕುಡಿಯಿರಿ, ಅದು ಗಡಿಯಾರದ ಮೇಲೆ ಕೂತು ಸುಮ್ಮನೆ ನೋಡುತ್ತಿತ್ತು. “ಬರ್ತೇನ್ರಿ” ಎಂದು ಎದ್ದಿರೋ, ಮುಗಿಯಿತು ನಿಮ್ಮ ಕಥೆ! “ಏ, ಕುಂಡ್ರಲೇ! ಏನ್ ಅವಸರ ಐತಿ?” ಎಂದು ಮಾವ ಒದರುವುದಕ್ಕೂ ಕಿವಿಗೆ ಕೊಕ್ಕು ಬೀಳುವುದಕ್ಕೂ ಸರಿಹೋಗುತ್ತಿತ್ತು. ಆಮೇಲೆ ಮಾವ ಅರಿಶಿನದ ಡಬ್ಬಿ ಹುಡುಕಬೇಕು (ಅದು ಎಂದೂ ಜಲ್ದಿ ಸಿಕ್ಕಿದ್ದಿಲ್ಲ), ಗಾಯಕ್ಕೆ ಹಚ್ಚಬೇಕು, ನೋವು ಮರೆಯಲು ಇನ್ನೊಂದು ಚಹಾ ಆಗಬೇಕು. “ಕಂಟ್ರೋಲರ್ ಸಹಿ ಆತು. ಹೆಂಗೂ ಗಾಡಿ ಲೇಟ್ ಆಗೈತಿ, ಚಾ ಕುಡದ ಹೋಗು!”

ಮಗಳ ಲಗ್ನಪತ್ರಿಕೆ ಕೊಡಲು ಬಂದ ಲಕ್ಷ್ಮೇಶ್ವರದ ಬೀಗರೊಬ್ಬರು ಹೆಲ್ಮೆಟ್ ತೆಗೆಯದೆಯೇ ಕೂತರು. ಗಾಜು ಎತ್ತಿ ಒಂದು ಗುಟುಕು ಚಹಾ, ಇಳಿಸಿ ಒಂದು ಮಾತು! ಕಂಟ್ರೋಲರ್ ಅವರ ಕಾಲ್ಬೆರಳಿಗೆ ಸಹಿ ಹಾಕಿತು.

ಹೀಗೆ ನಗುನಗುತ್ತಲೇ ಮಂದಿ ಬರುವುದು ನಿಂತಿತು. ಮಾವ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು “ಬರ್ರಿ, ಒಂದೀಟು ಕುಂಡ್ರ ಬರ್ರಿ” ಎಂದು ಹೋಗುವವರನ್ನೆಲ್ಲ ಕರೆಯುತ್ತಿದ್ದ. “ಇನ್ನೊಮ್ಮೆ ಬರ್ತೇವ್ರಿ” ಎಂದು ಅವರು ನಡಿಗೆ ಚುರುಕು ಮಾಡುತ್ತಿದ್ದರು. ಕೊನೆಗೆ ನಮ್ಮವ್ವನೇ ನನ್ನತ್ತ ಕೈ ತೋರಿಸಿ ತೀರ್ಪು ಕೊಟ್ಟಳು: “ಆ ಹಕ್ಕಿ ಇರೂತನಕ ನಿನ್ನ ಮನಿಗೆ ಯಾರೂ ಹೆಜ್ಜಿ ಇಡಂಗಿಲ್ಲ. ಅದನ್ನ ಇವನ ಕೈಯಾಗ ಕೊಟ್ಟು ಕಳಸು.”

ಮಾವ ಪಂಜರ ತಂದು ನನ್ನ ಕೈಗಿಟ್ಟ. ಪಂಜರದ ಜೊತೆ ನವಣೆಯ ಚೀಲವನ್ನೂ ಕೊಟ್ಟ. “ಬಸ್ಸಿನ್ಯಾಗ ಕಿಡಕಿ ಬಾಜೂಕ ಇಟ್ಕೊಳಲೇ, ಅದಕ್ಕ ಗಾಳಿ ಬೇಕು” ಎಂದಷ್ಟೇ ಹೇಳಿದ. ಓಣಿಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಅವನು ಇನ್ನೂ ಒಳಗೆ ಹೋಗಿರಲಿಲ್ಲ.

ನಮ್ಮ ಮನೆಯಲ್ಲಿ ಕಂಟ್ರೋಲರ್ ಶುದ್ಧ ಸಾಧುವಾಯಿತು! ಯಾರು ಎದ್ದರೂ, ಯಾರು ಹೊರಟರೂ ಒಂದು ಸಹಿ ಇಲ್ಲ. ಪರದೆಯ ಕಂಬಿಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿತ್ತು. ನನಗೆ ಸೋಜಿಗ. ಮಾವನಿಗೆ ಫೋನ್ ಮಾಡಿದೆ.

“ಮಾಮಾ, ಇದು ಯಾರಿಗೂ ಕಡಿಯಾಕ ಹೋಗವಲ್ದು!”

“ಹೊಂಟವ್ರಿಗೆ ‘ಕುಂಡ್ರಿ’ ಅಂತ ಯಾರರ ಒದರ್ತೀರೇನಲೇ ನಿಮ್ಮ ಮನ್ಯಾಗ?”

ನಾನು ಯೋಚಿಸಿದೆ. ಒದರುವುದಿರಲಿ, ನಾವು ಯಾರನ್ನೂ ಗೇಟಿನ ತನಕ ಕಳಿಸಲೂ ಹೋಗುವವರಲ್ಲ.

“ನಾ ಒದರಿದ್ರ ಅದಕ್ಕ ಗಾಬರಿ ಆಗತೈತಿ. ಯಾರೋ ನನ್ನ ಕಡಿಂದ ಏನೋ ಕಸಗೊಂಡು ಹೊಂಟಾರ ಅಂತ ತಿಳಕೊಂಡು ಹಾರತೈತಿ ಪಾಪ.”

ಫೋನಿನಲ್ಲಿ ಅವನ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು.

“ಈಗ ಮಂದಿ ಬರ್ತಾರೇನು ಮಾಮಾ?”

“ಬರ್ತಾರ. ಜಲ್ದಿ ಹೋಗ್ತಾರ.”

ಆ ಭಾನುವಾರವೇ ಪಂಜರ ಹಿಡಿದು ಬೆಟಗೇರಿಗೆ ಹೋದೆ. ನಮ್ಮವ್ವ ಬೈದಳು, ಬೈಯಲಿ! ಕಂಟ್ರೋಲರ್ ಪಂಜರದಿಂದ ಹೊರಬಿದ್ದು ನೆಟ್ಟಗೆ ಮಾವನ ಹೆಗಲೇರಿತು. ಬೆಕ್ಕು ಕಪಾಟಿನ ತಲೆಗೆ ನೆಗೆಯಿತು. ನಾಯಿ ತಾನಾಗಿಯೇ ಎದ್ದು ಬಚ್ಚಲ ಕಡೆ ನಡೆಯಿತು. ಮಾವ ಮುಖ ತಿರುಗಿಸಿಕೊಂಡು ಚಹಾಕ್ಕೆ ನೀರಿಟ್ಟ.

ಸಂಜೆ ಎದ್ದು ಚಪ್ಪಲಿ ಮೆಟ್ಟಿದೆ. “ಬರ್ತೇನಿ ಮಾಮಾ.”

“ಏ, ಕುಂಡ್ರಲೇ!”

ಈ ಸಲ ಬಲಗಿವಿ!

ಅರಿಶಿನದ ಡಬ್ಬಿ ಕಿಟಕಿಯಲ್ಲಿ, ನನ್ನ ಕಣ್ಣೆದುರಿಗೇ ಇತ್ತು. ಮಾವ ಅಡುಗೆ ಮನೆಯಲ್ಲಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಹುಡುಕುತ್ತಿದ್ದ. ನಾನು ಹೇಳಲಿಲ್ಲ, ಹುಡುಕಲಿ ಎಂದು ಸುಮ್ಮನೆ ನಿಂತೆ. ಬಹಳ ಹೊತ್ತಿನ ಮೇಲೆ ಬಂದು, ಕಿಟಕಿಯಿಂದಲೇ ಡಬ್ಬಿ ತೆಗೆದು, ನನ್ನ ಕಿವಿಗೆ ಹಗುರವಾಗಿ ಹಚ್ಚುತ್ತ ಹೇಳಿದ:

“ಶಿರಹಟ್ಟ್ಯಾಗ ಅವತ್ತ ನಾ ಎದ್ದು ಹೊಂಟಾಗ, ಆ ಮನ್ಯಾಗ ಇಂಥಾದೊಂದು ಹಕ್ಕಿ ಇರಬೇಕಾಗಿತ್ತಲೇ ಅಳಿಯಾ.”

ನಾನು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತೆ.