ಹ್ಞೂಂಗುಟ್ಟುವವರ ಶನಿವಾರ

ನನಗೊಂದು ಚಟವಿದೆ. ಎದುರಿಗಿದ್ದವರು ಮಾತಿನ ನಡುವೆ ಒಂದು ಪದಕ್ಕಾಗಿ ತಡಕಾಡಿದರೆ ಸಾಕು, ಆ ಪದವನ್ನು ನಾನೇ ಹುಡುಕಿ ಅವರ ಬಾಯಿಗೆ ಇಟ್ಟುಬಿಡುತ್ತೇನೆ. ತರಕಾರಿಯವಳು "ಅಕ್ಕಾರ, ಇವತ್ತ ಭಾಳ ಛಲೋ..." ಎಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ನಾನು "ಬದನೆಕಾಯಿ" ಎಂದಿರುತ್ತೇನೆ. ಅವಳು ಹೇಳಹೊರಟಿದ್ದು ಮೆಂತ್ಯೆ. ಆದರೂ ನನ್ನ ಮರ್ಯಾದೆಗೆ ಬದನೆಕಾಯಿಯನ್ನೇ ತೂಗುತ್ತಾಳೆ. ಮದುವೆಯಾಗಿ ಹನ್ನೆರಡು ವರ್ಷಗಳಲ್ಲಿ ನಮ್ಮ ಯಜಮಾನರು ಒಂದು ವಾಕ್ಯವನ್ನು ಪೂರ್ತಿ ಮುಗಿಸಿದ ನೆನಪು ನನಗಿಲ್ಲ. ಇದಕ್ಕೆ ನಾನು ಓದಿದ ಕಾನ್ವೆಂಟಿನ ಶಿಸ್ತೂ ಸ್ವಲ್ಪ ಕಾರಣವಿರಬೇಕು. ಅಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನಿರುವುದು ತಪ್ಪು. ಉಳಿದ ಹೊತ್ತಿನಲ್ಲಿ ಉಸಿರಾಡಿದ ಸದ್ದು ಕೇಳಿಸಿದರೂ ತಪ್ಪು.

ಈ ಚಟದ ಬಿಸಿ ತಟ್ಟಿದ್ದು ನನ್ನ ಮಗಳು ಸಾನ್ವಿಗೆ. ನಾಲ್ಕನೆಯ ತರಗತಿಯಲ್ಲಿ ಪಾಠ ಓದುವಾಗ ಒಂದು ಪದಕ್ಕೆ ತೊಡರಿ ನಿಂತಳಂತೆ, ಮಕ್ಕಳೆಲ್ಲ ನಕ್ಕರಂತೆ. ಅಂದಿನಿಂದ ಅವಳು ಗಟ್ಟಿಯಾಗಿ ಓದುವುದನ್ನೇ ಬಿಟ್ಟಳು. ಮನೆಯಲ್ಲಿ ಕೂರಿಸಿಕೊಂಡರೆ ಅವಳು ಅರೆಕ್ಷಣ ತಡವರಿಸುವ ಮೊದಲೇ ನಾನು ಪದ ಹೇಳಿಬಿಡುತ್ತಿದ್ದೆ. ಅವಳು ಪುಸ್ತಕ ಬಿಟ್ಟು ನನ್ನ ತುಟಿಯನ್ನೇ ನೋಡುತ್ತ ಕೂರಲು ಕಲಿತಳು.

ಆಗ ಆಳಂದದ ನಮ್ಮ ಓಣಿಯಲ್ಲಿ, ನಮ್ಮ ಮನೆಯ ಅಂಗಳದಲ್ಲೇ, ಶನಿವಾರ ಸಂಜೆಯ 'ಮನೆಮಂದಿ ಓದು' ಶುರುಮಾಡಿದೆ. ಓಣಿಯ ಮಕ್ಕಳಿಗೆಲ್ಲ ಓದಿನ ರುಚಿ ಹತ್ತಲಿ ಎಂದು ಊರಿಗೆ ಹೇಳಿದೆ. ನಿಜವೆಂದರೆ ಒಬ್ಬಳ ಬಾಯಿ ತೆರೆಸುವುದಷ್ಟೇ ನನ್ನ ಆಸೆ. ಜಮಖಾನ ಹಾಸಿದೆ, ಕತೆಪುಸ್ತಕಗಳಿಗೆ ಕಂದು ಕಾಗದದ ರಟ್ಟು ಹಾಕಿದೆ. ಪ್ರತಿ ಮಗುವಿನ ಜೊತೆ ಮನೆಯ ಒಬ್ಬ ಹಿರಿಯರು ಬರಬೇಕು, ಮಕ್ಕಳು ಓದಬೇಕು, ಹಿರಿಯರು ಸದ್ದು ಮಾಡಬಾರದು.

ಹಿರಿಯರು ಬಂದರು, ಕೆಲಸ ಹಿಡಿದುಕೊಂಡೇ ಬಂದರು. ನಮ್ಮ ಅತ್ತೆಯವರ ಮುಂದೆ ತೊಗರಿಬೇಳೆಯ ಮೊರ. ಪಕ್ಕದ ಮನೆಯ ರಜಿಯಾಬಿ ಓಣಿಯ ಹೆಂಗಸರ ಬಟ್ಟೆ ಹೊಲಿಯುವವರು. ಅವರ ಕೈಯಲ್ಲಿ ಹುಕ್ಕು ಹಚ್ಚಬೇಕಾದ ಜಂಪರು. ಮಗು ಒಂದು ಸಾಲು ಓದಿದರೆ ಇಬ್ಬರೂ ಒಟ್ಟಿಗೆ "ಹ್ಞೂಂ" ಅನ್ನುವರು. ನಾನು ತುಟಿಯ ಮೇಲೆ ಬೆರಳಿಟ್ಟು "ಶ್" ಅನ್ನುವೆ. ಮೂರನೆಯ ವಾರಕ್ಕೆ ಮಕ್ಕಳು ಕಡಿಮೆಯಾದರು. ನಾಲ್ಕನೆಯ ವಾರ ಬಂದವರು ಈ ಇಬ್ಬರು, ನನ್ನ ಮಗಳು, ಮತ್ತು ಕಂದು ಕಾಗದದ ರುಚಿ ಹತ್ತಿದ ಒಂದು ಮೇಕೆ.

"ಅಲ್ಲ ಬೇ," ಅತ್ತೆ ಮೊರದಿಂದ ತಲೆ ಎತ್ತದೆ ಹೇಳಿದರು, "ಹ್ಞೂಂ ಅನ್ನೋರ ಇಲ್ಲಂದ್ರ ಕತಿ ಹೇಳೋರಿಗೆ ಹ್ಯಾಂಗ ಗೊತ್ತಾಗಬೇಕು, ಮುಂದ ಕುಂತೋರು ಮಂದಿಯೋ ಗ್ವಾಡಿಯೋ ಅಂತ?"

"ನಮ್ಮ ಅಮ್ಮಾ ಅಂತೂ," ರಜಿಯಾಬಿ ದಾರ ಕಚ್ಚಿ ಹರಿದರು, "ನಾವು ಹ್ಞೂಂ ಅನ್ನೂದ ಮರ್ತ್ರ ಕತಿ ಬಂದ್ ಮಾಡಿ ಎದ್ದೇ ಹೋಗ್ತಿದ್ಲು. ನಿಮ್ಮ ಸಾಲ್ಯಾಗ ಕತಿಗೂ ಕರ್ಫ್ಯೂ ಇತ್ತೇನ್ರಿ?"

ಸೋತೆ. ಮುಂದಿನ ಶನಿವಾರದಿಂದ ಹಿರಿಯರಿಗೆ ಒಂದೇ ಕೆಲಸ: ಹ್ಞೂಂಗುಟ್ಟುವುದು. ಸುದ್ದಿ ಹರಡಿ ಏಳೆಂಟು ಮಕ್ಕಳು ಮರಳಿ ಬಂದರು. ಅಂಗಳದ ತುಂಬ ಎಂಥೆಂಥ ಹ್ಞೂಂಗಳು! ಆಶ್ಚರ್ಯದ್ದು, ಅನುಮಾನದ್ದು, ಬೇಗ ಮುಗಿಸೆನ್ನುವುದು. ಅದರ ನಡುವೆ ಸಾನ್ವಿ, ಯಾರೂ ಕರೆಯದೆ, ಒಂದು ಪುಸ್ತಕ ಎತ್ತಿಕೊಂಡಳು. ಅಂಗಿ ಹೊಲಿಸಲು ದರ್ಜಿಯ ಬಳಿಗೆ ಹೋದ ಕರಡಿಯ ಕತೆ ಅದು. ಎರಡು ಸಾಲು ಓದಿ, ಮೂರನೆಯದರಲ್ಲಿ ನಿಂತಳು. ಅವಳ ಕಿವಿ ಕೆಂಪಾಯಿತು. ನನ್ನ ನಾಲಿಗೆಯ ತುದಿಗೆ ಆ ಪದ ಬಂದು ಕುಣಿಯುತ್ತಿತ್ತು. ಅಷ್ಟರಲ್ಲಿ ಅತ್ತೆ ಮೊರವನ್ನು ನನ್ನ ಮಡಿಲಿಗೆ ತಳ್ಳಿ, "ಬಾಯಿ ಮುಚ್ಕೊಂಡ ಬ್ಯಾಳಿ ಹಸನ ಮಾಡು" ಎಂದರು.

"ಹ್ಞೂಂ, ಫಿರ್?" ರಜಿಯಾಬಿ ಸೂಜಿ ನಿಲ್ಲಿಸಿ ಕೇಳಿದರು. "ಕರಡಿಗೆ ಅಂಗಿ ಅಂದ್ರ ಐದ ಮೀಟರ್ ಆದ್ರೂ ಬಟ್ಟಿ ಬೇಕಲ್ಲವಾ?"

"ತಡಿ ಅಜ್ಜಿ, ನೋಡ್ತೇನಿ." ಸಾನ್ವಿ ನನ್ನ ಕಡೆ ತಿರುಗಲಿಲ್ಲ. ಆ ಪದವನ್ನು ರೊಟ್ಟಿಯಂತೆ ತುಂಡು ತುಂಡು ಮಾಡಿ ನುಂಗಿ, ಮುಂದಿನ ಸಾಲಿಗೆ ಜಿಗಿದಳು. "ಆರ ಮೀಟರ್ ಅಜ್ಜಿ! ಮ್ಯಾಲ ಕಿಸೆಗೆ ಬ್ಯಾರೆ ಬಟ್ಟಿ!"

"ಮತ್ತ! ನಾ ಹೇಳಲಿಲ್ಲೇನು?" ಎಂದರು ರಜಿಯಾಬಿ, ತಾವೇ ಆರು ಎಂದಿದ್ದವರಂತೆ. ಸಾನ್ವಿ ಕತೆಯನ್ನು ಕೊನೆಯವರೆಗೂ ಓದಿದಳು. ನಾನು ಆರಿಸಿಟ್ಟ ಕಲ್ಲಿನ ಗುಡ್ಡೆಯಲ್ಲಿ ಮುಕ್ಕಾಲು ಪಾಲು ಬೇಳೆಯೇ ಇತ್ತು. ಆದರೆ ಆ ಸಂಜೆ ನನ್ನ ಹೆಮ್ಮೆ ಮಾತ್ರ ಅಂಗಳದಲ್ಲಿ ಹಿಡಿಸುತ್ತಿರಲಿಲ್ಲ.

ಈಗ ಜಮಖಾನ ಸಾಲದೆ ಚಾಪೆ ಹಾಸುತ್ತೇವೆ. ಜೇವರ್ಗಿಯಲ್ಲಿರುವ ನಾದಿನಿ ಫೋನು ಮಾಡಿ, "ವೈನಿ, ನಾವೂ ಸುರು ಮಾಡ್ತೇವಿ, ಏನೇನ ಬೇಕಾಗ್ತದ್ರಿ?" ಎಂದಳು. "ಒಂದಿಷ್ಟು ಪುಸ್ತಕ, ಇಬ್ಬರು ಮುದುಕಿಯರು" ಎಂದೆ, ಊರಿಗೇ ಗುರುವಾದವಳ ಗತ್ತಿನಿಂದ.

ಆ ಗತ್ತು ಇಳಿದದ್ದು ಕಳೆದ ಶನಿವಾರ. ಮಕ್ಕಳೆಲ್ಲ ಸೇರಿ ನನ್ನ ಕೈಗೇ ಪುಸ್ತಕ ಕೊಟ್ಟರು. ಕಾನ್ವೆಂಟಿನಲ್ಲಿ ಕನ್ನಡಕ್ಕೆ ಸಿಕ್ಕ ಪೀರಿಯಡ್ಡುಗಳು ಕಡಿಮೆ ಎಂಬ ಗುಟ್ಟನ್ನು ನಾನು ಈ ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಎರಡನೆಯ ಪುಟದಲ್ಲಿ ಒತ್ತಕ್ಷರಗಳ ಒಂದು ದೊಡ್ಡ ಗಂಟು ಅಡ್ಡ ಬಂತು. ನಿಂತೆ. ನನ್ನ ಕಿವಿಯೂ ಕೆಂಪಾಗಿರಬೇಕು. ಮೆಟ್ಟಿಲ ಮೇಲೆ ಕೂತಿದ್ದ ಯಜಮಾನರು, ಹನ್ನೆರಡು ವರ್ಷ ಕಾದು ಸಿಕ್ಕ ಅವಕಾಶಕ್ಕೆ ಮುಖವರಳಿಸಿ ಬಾಯಿ ತೆರೆದರು. ಅತ್ತೆ ಬೇಳೆಯ ಮೊರವನ್ನು ಅವರತ್ತ ಸರಿಸಿದರು.

"ಪಪ್ಪಾ, ನೀ ಹೇಳಬ್ಯಾಡ. ಆಕಿ ಓದ್ತಾಳ," ಎಂದಳು ಸಾನ್ವಿ. ಆಮೇಲೆ ಗಲ್ಲಕ್ಕೆ ಕೈಯಾನಿಸಿ, ನನ್ನ ತುಟಿಯನ್ನಲ್ಲ, ಪುಸ್ತಕವನ್ನು ನೋಡುತ್ತ ಕೇಳಿದಳು: "ಹ್ಞೂಂ... ಆಮ್ಯಾಲ, ಮಮ್ಮಿ?"