ಗಾಳಿ ಬಿಡದ ಗಾಲಿಯ ಮೇಲೊಂದು ದೂರು

ಟ್ಯೂಬಿನ ಹಂಗಿಲ್ಲದ ಸ್ಪೋಕಿನ ಗಾಲಿಗಳನ್ನು ತಯಾರಿಸಿ ಲೋಕೋಪಕಾರ ಮಾಡುತ್ತಿರುವ ಕಂಪನಿಯ ಮಾಲೀಕರಿಗೆ, ಜೇವರ್ಗಿಯ ಶಂಕರಲಿಂಗನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು, ತಮ್ಮ ಎಂಜಿನಿಯರರು, ತಮ್ಮ ಗೋದಾಮಿನ ಕಾವಲುಗಾರರು ಎಲ್ಲರೂ ಕ್ಷೇಮವಾಗಿರುವಿರೆಂದು ನಂಬಿ, ನನ್ನ ಕ್ಷೇಮಕ್ಕೆ ತಾವು ತಂದಿಟ್ಟ ಕುತ್ತನ್ನು ನಾಲ್ಕು ಜನರೆದುರು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಮೊಬೈಲ್ ಟವರಿನ ಬ್ಯಾಟರಿ ಕೆಟ್ಟರೆ ರಿಪೇರಿಗೆ ಹೋಗುವವನು ನಾನು. ಟವರು ಎಂಬುದು ಡಾಂಬರು ರಸ್ತೆಯ ಬದಿಯಲ್ಲಿ ಎಂದೂ ಕೆಡುವುದಿಲ್ಲ. ಕೆಟ್ಟರೆ ತೊಗರಿ ಹೊಲದ ಆಚೆ, ಜಾಲಿ ಕಂಟಿಯ ನಡುವೆಯೇ ಕೆಡುತ್ತದೆ. ಅದಕ್ಕೆಂದೇ ಕಲ್ಲು, ಹಳ್ಳ, ಒಡ್ಡು ಎಲ್ಲವನ್ನೂ ಹತ್ತಿಳಿಯುವ, ಜನ ಒಂಟೆ ಎಂದೇ ಕರೆಯುವ ಎತ್ತರದ ಮೋಟಾರ್‌ಸೈಕಲ್ಲನ್ನು ಕೊಂಡಿದ್ದೆ. ಅದರ ಹಳೆಯ ಗಾಲಿಗಳಲ್ಲಿ ಸ್ಪೋಕುಗಳು ರಿಮ್ಮನ್ನು ತೂತು ಮಾಡಿಕೊಂಡು ಒಳಬಂದಿದ್ದರಿಂದ ಗಾಳಿ ಹಿಡಿದಿಡಲು ಟ್ಯೂಬು ಬೇಕೇ ಬೇಕಿತ್ತು, ಮತ್ತು ಟ್ಯೂಬು ಬರುವ ದಾರಿಯನ್ನು ನಮ್ಮ ಕಡೆಯ ಜಾಲಿ ಮುಳ್ಳು ಮೊದಲೇ ಕಾದು ಕೂತಿರುತ್ತದೆ.

ಆ ಮುಳ್ಳುಗಳನ್ನು ನಾನು ಎಂದೂ ಬೈದವನಲ್ಲ. ಅಫಜಲಪುರದಿಂದ ಆಳಂದದ ಕಡೆ ಹೋಗುವ ಒಳರಸ್ತೆಯ ಒಂದು ಕ್ರಾಸಿನಲ್ಲಿ ದಾವಲಸಾಬರ ಪಂಚರ್ ಅಂಗಡಿ ಇದೆ, ಅದಕ್ಕೆ ಗೋಡೆ ಹಚ್ಚಿ ಜಯಮಾಲಾ ಅವರ ಹೊಲಿಗೆ ಅಂಗಡಿ. ದಾವಲಸಾಬರಲ್ಲಿ ಕೂಡಲು ಹರಿದ ಟೈರು ಬಿಟ್ಟರೆ ಬೇರೇನೂ ಇಲ್ಲವಾದ್ದರಿಂದ ಟ್ಯೂಬಿಗೆ ತೇಪೆ ಬೀಳುವವರೆಗೆ ಗಿರಾಕಿಗಳು ಹೊಲಿಗೆ ಅಂಗಡಿಯ ಮುಂದಿನ ಬಾಕಿನ ಮೇಲೆ ಕೂಡುವುದು ರೂಢಿ. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, ತುಟಿ ಬಿಚ್ಚದೆ ಎದ್ದು ಬಂದು ನಡುವಯಸ್ಸಿನ ಹೊಸ್ತಿಲಿಗೆ ಮುಟ್ಟಿದ್ದ ನನಗೆ, ಹೊಲಿಗೆ ಯಂತ್ರದ ಸದ್ದಿನ ಮರೆಯಲ್ಲಿ ಮಾತು ಬರುತ್ತದೆಂಬುದು ಆ ಬಾಕಿನ ಮೇಲೆಯೇ ತಿಳಿಯಿತು. ಹೆಣ್ಣು ನೋಡಲು ಬಂದವರೆಲ್ಲ ಹೆಸರು ಕೇಳುವ ಮೊದಲೇ ಅಂಗಡಿ ಯಾವಾಗ ಮುಚ್ಚುತ್ತೀರೆಂದು ಕೇಳಿದ್ದರಿಂದ ಮದುವೆ ಕೂಡಿಬಂದಿಲ್ಲವೆಂದು ಜಯಮಾಲಾ ಅವರೂ ಕುಪ್ಪಸಕ್ಕೆ ಗುಂಡಿ ಹಚ್ಚುತ್ತ ಹೇಳಿದ್ದರು.

ಹೀಗಿರುವಾಗ ಒಂದು ದಿನ ಮಟಮಟ ಮಧ್ಯಾಹ್ನದಲ್ಲಿ ಗಾಡಿ ನೂಕಿಕೊಂಡು ಬಂದ ನನಗೆ ಜಯಮಾಲಾ ನೀರು ಕೊಟ್ಟು, “ಎಷ್ಟ ತ್ರಾಸ ಪಡ್ತೀರಿ ನೀವು? ಛಲೋ ಗಾಲಿ ಹಾಕಿಸಬಾರದೇನ್ರಿ?” ಎಂದರು. ನನ್ನ ಬಗ್ಗೆ ಒಬ್ಬರು ಕಾಳಜಿಯಿಂದ ಆಡಿದ ಮಾತನ್ನು ಮೀರುವುದು ಹೇಗೆ? ತಮ್ಮ ಗಾಲಿಗಳನ್ನು ತರಿಸಿದೆ. ಸ್ಪೋಕುಗಳು ರಿಮ್ಮಿನ ಅಂಚನ್ನು ಮಾತ್ರ ಹಿಡಿದುಕೊಂಡು, ಒಳಗೆ ಒಂದು ತೂತೂ ಇಲ್ಲದ, ಮುಳ್ಳು ನೆಟ್ಟರೂ ಗಾಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಆ ಗಾಲಿಗಳನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಕಡಗಂಚಿಯ ಕಲ್ಲಿನ ದಾರಿಯಲ್ಲಿ ಅವು ನಕ್ಕವು, ಇಜೇರಿಯ ಹೊಲಗಳ ಮುಳ್ಳುಬೇಲಿಯನ್ನು ಅವು ಹೂವಿನಂತೆ ತುಳಿದವು.

ಮಾನ್ಯರೇ, ಪಂಚರ್ ಆಗದ ಗಂಡಸು ಪಂಚರ್ ಅಂಗಡಿಯ ಮುಂದೆ ಯಾವ ಮುಖ ಹೊತ್ತು ನಿಲ್ಲಬೇಕು? ಕ್ರಾಸು ಬಂದಾಗ ವೇಗ ಇಳಿಸುತ್ತಿದ್ದೆ, ಹಾರ್ನ್ ಒತ್ತುತ್ತಿದ್ದೆ, ಜಯಮಾಲಾ ತಲೆಯೆತ್ತಿದರೆ ಹೆದರಿ ಮತ್ತೆ ವೇಗ ಏರಿಸುತ್ತಿದ್ದೆ. ಬರುಬರುತ್ತ ಅವರು ತಲೆಯೆತ್ತುವುದನ್ನೂ ಬಿಟ್ಟರು. ಒಂದು ಶನಿವಾರ ದಾವಲಸಾಬರೇ ಫೋನ್ ಮಾಡಿದರು: “ಜಯಮಾಲಾನ್ನ ನೋಡಾಕ ಸೋಲಾಪುರದವರು ನಾಳೆ ಬರಾಕತ್ತಾರ್ರಿ. ಅಂಗಡಿ ಮುಚ್ಚಬೇಕಂತ ಈ ಮಂದೀನೂ ಅಂದಾರ. ಆದ್ರ ಆಕಿಗೂ ಬ್ಯಾಸರ ಆಗ್ಯದ, ಈ ಸಲ ಹೂಂ ಅಂತಾಳೇನೋ. ನಿಮ್ಮ ಒಂಟಿಗಿ ಒಂದರ ಮುಳ್ಳ ಚುಚ್ಚವಲ್ದೇನ್ರಿ?”

ಕೆಟ್ಟ ಟವರನ್ನು ಅದರ ಪಾಡಿಗೆ ಬಿಟ್ಟು ನನ್ನ ಒಂಟೆಯಂಥ ಗಾಡಿಯನ್ನು ಓಡಿಸಿಕೊಂಡು ಬಂದೆ. ಹೊಲಿಗೆ ಅಂಗಡಿಯ ಈಚೆಗಿರುವ ಬೇವಿನ ಮರದ ಹಿಂದೆ ನಿಲ್ಲಿಸಿ, ರಿಪೇರಿ ಸಾಮಾನಿನ ಡಬ್ಬಿಯಲ್ಲಿದ್ದ ಮೊಳೆ ತೆಗೆದು ಹಿಂದಿನ ಟೈರಿಗೆ ಕಲ್ಲಿನಿಂದ ಬಡಿದೆ. ಮೊಳೆ ಒಳಹೋಯಿತು, ಗಾಳಿ ಹೊರಬರಲಿಲ್ಲ. ಇನ್ನೊಂದು ಬಡಿದೆ. ತಮ್ಮ ಗಾಲಿ ಅದನ್ನೂ ಉಂಡು ತೇಗದೆ ಕುಳಿತಿತ್ತು. ಸಿಟ್ಟಿನಿಂದ ಮೂರನೆಯದಕ್ಕೆ ಕಲ್ಲೆತ್ತಿದಾಗ ಬೆನ್ನ ಹಿಂದೆ ದನಿ ಕೇಳಿತು:

“ಗಾಲಿ ಏನ್ ತಪ್ಪ ಮಾಡ್ಯದ್ರಿ?”

ಚಿಂದಿ ಬಟ್ಟೆಯ ಬುಟ್ಟಿ ಹಿಡಿದು ಜಯಮಾಲಾ ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: “ಪಂಚರ್ ಆಗವಲ್ದ್ರಿ.”

“ಪಂಚರ್ ಆಗವಲ್ದಂತ ಅಳೋ ಮನಷ್ಯಾನ್ನ ಇವತ್ತ ನೋಡಾಕತ್ತೇನಿ,” ಎಂದರು. ನಾನು ಅಳುತ್ತಿರಲಿಲ್ಲ, ಅದು ಬೆವರು.

ಕಲ್ಲು ಕೆಳಗಿಟ್ಟೆ. “ನಿಮ್ಮ ಬಾಕಿನ ಮ್ಯಾಲ ಕುಂಡ್ರಾಕ ಬ್ಯಾರೆ ನೆವ ಇಲ್ರಿ ನನಗ.”

ಅವರು ಬುಟ್ಟಿಯೊಳಗಿನ ಚಿಂದಿಯನ್ನು ಕೆದಕುತ್ತ, “ಛಲೋ ಗಾಲಿ ಬಂದ್ವು, ಇನ್ನ ನಮ್ಮ ಬಾಕು ಯಾಕ ಬೇಕು ಅಂತ ಬಿಟ್ಟಿರಿ ಅನ್ಕೊಂಡಿದ್ದೆ. ಗಾಲಿ ಹಾಕಿಸ್ರಿ ಅಂದ ಬಾಯಿಗಿ ನಾನೇ ಬೈಕೊಂಡೇನಿ,” ಎಂದರು. ಆಮೇಲೆ ಮುಖವೆತ್ತಿ, “ನಾ ಅಂಗಡಿ ಮುಚ್ಚಾಂಗಿಲ್ರಿ. ಈಗೇ ಹೇಳ್ತೇನಿ,” ಎಂದರು.

“ಮುಚ್ಚಿದ್ರ ನಾ ಎಲ್ಲಿ ಕುಂಡ್ರಲಿ?” ಎಂದೆ. ನನ್ನ ಜನ್ಮದಲ್ಲಿ ಹೊತ್ತಿಗೆ ಸರಿಯಾಗಿ ಬಂದ ಮಾತು ಅದೊಂದೇ. ಹೊಲಿಗೆ ಅಂಗಡಿಯ ಗೋಡೆಯ ಮರೆಯಿಂದ ದಾವಲಸಾಬರು ಯಾ ಅಲ್ಲಾ ಎಂದು ಉಸಿರು ಬಿಟ್ಟದ್ದು ನಮ್ಮಿಬ್ಬರಿಗೂ ಕೇಳಿಸಿತು. ಸಂಜೆಯೊಳಗೆ ಸೋಲಾಪುರದವರಿಗೆ ಬರುವುದು ಬೇಡವೆಂದು ಫೋನ್ ಹೋಯಿತು. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಮದುವೆ.

ಹೇಗೂ ಸುಖಾಂತವಾಯಿತಲ್ಲ, ದೂರೇಕೆ ಎಂದು ತಾವು ಕೇಳಬಹುದು. ಮಾನ್ಯರೇ, ಮುಳ್ಳಿನ ಕಾಲದಲ್ಲಿ ನಿಧಾನವಾಗಿ, ಮರ್ಯಾದೆಯಿಂದ ಆಗಬೇಕಿದ್ದ ಕೆಲಸವನ್ನು ನಾನು ಕೈಯಲ್ಲಿ ಕಲ್ಲು ಹಿಡಿದು ಮಾಡಬೇಕಾಯಿತು, ಈಗ ಮೂರು ತಾಲೂಕಿನ ಟವರುಗಳ ಕೆಳಗೆ ನನಗೆ ಮೊಳೆ ಶಂಕರಲಿಂಗ ಎಂಬ ಹೆಸರು ಬಿದ್ದಿದೆ. ಆದ್ದರಿಂದ ತಾವು ಕೃಪೆಮಾಡಿ, ಬೆಟ್ಟ, ಬಯಲು, ಜಾಲಿ ಕಂಟಿಗಳಲ್ಲಿ ಸಿಂಹದಂತೆ ಓಡಿ, ಬೇಕಾದವರ ಅಂಗಡಿಯ ಮುಂದೆ ಮಾತ್ರ ತಾನಾಗಿಯೇ ಉಸಿರು ಬಿಟ್ಟು ಕೂಡುವ, ಸವಾರನ ಎದೆ ಬಡಿತ ನೋಡಿ ಜಾಗ ತಿಳಿದುಕೊಳ್ಳುವ ಗಾಲಿಯೊಂದನ್ನು ತಯಾರಿಸಬೇಕು. ಅದು ತಯಾರಾಗುವವರೆಗೆ ಪ್ರತಿ ಜೊತೆ ಗಾಲಿಯ ಸಂಗಡ ಒಂದು ಒಳ್ಳೆಯ ನೆವವನ್ನೂ ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ತಮ್ಮ ಗಾಲಿಯಷ್ಟೇ ಹಟಮಾರಿಯಾದ ತಮ್ಮ ವಿಶ್ವಾಸಿ,
ಶಂಕರಲಿಂಗ

ತಾ.ಕ.: ತಮ್ಮ ಜಾಹೀರಾತಿನಲ್ಲಿ ಕಪ್ಪು ಕನ್ನಡಕದ ಸವಾರನೊಬ್ಬ ಮರುಭೂಮಿಯಲ್ಲಿ ಒಂಟಿಯಾಗಿ ಎಲ್ಲಿಯೂ ನಿಲ್ಲದೆ ಹೋಗುತ್ತಲೇ ಇರುವುದನ್ನು ಮೊನ್ನೆ ಜಯಮಾಲಾಗೆ ತೋರಿಸಿದೆ. “ಪಾಪ, ಅವಂಗ ಯಾರೂ ಕುಂಡ್ರು ಅಂದಿಲ್ಲೇನು?” ಎಂದು ಕೇಳಿದಳು. ದಯವಿಟ್ಟು ವಿಚಾರಿಸಿ ತಿಳಿಸಿರಿ.