ಮಸ್ಕಿ ತಾನಾಗಿ ಕಟ್ ಮಾಡುವುದಿಲ್ಲ

ಪರದೆಯ ಮೇಲ್ತುದಿಯಲ್ಲಿ, ಮಸ್ಕಿಯ ಹೆಸರಿನ ಪಕ್ಕದ ಹಸಿರು ಚುಕ್ಕೆ ಮಿನುಗುತ್ತಲೇ ಇತ್ತು. ಚುಕ್ಕೆ ಇದೆ ಎಂದರೆ ಆ ಸ್ಟೇಷನ್ ಇನ್ನೂ ನಮ್ಮ ಸಂಪರ್ಕದಲ್ಲಿದೆ ಎಂದರ್ಥ. ಕಾಲುವೆಯ ನೀರಿನ ಮಟ್ಟ ತಿಳಿಸಿ ಮಸ್ಕಿಯವರು ಸುಮ್ಮನಾಗಿ ಬಹಳ ಹೊತ್ತಾಗಿತ್ತು. ಹೇಳುವುದು ಮುಗಿದ ಮೇಲೂ ಬಾಗಿಲಲ್ಲಿ ನಿಂತೇ ಇರುವ ನೆಂಟರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ಹಾಸ್ಟೆಲಿನಲ್ಲಿ ಮಾತು ತಪ್ಪಿಸಿಕೊಳ್ಳಲು ಖಾಲಿ ಬಕೆಟ್ ಹಿಡಿದು ಓಡಾಡುತ್ತಿದ್ದವಳು ನಾನು. ಬಕೆಟ್ ಹಿಡಿದವರನ್ನು ಯಾರೂ ನಿಲ್ಲಿಸುವುದಿಲ್ಲ.

ಇದು ತೊಂಬತ್ತರ ದಶಕದ ಮಾತು. ಸಿಂಧನೂರಿನ ನಮ್ಮ ಕಾಲುವೆ ಕಚೇರಿಯಲ್ಲಿ ಕಂಪ್ಯೂಟರಿಗೆ ವೈರ್‌ಲೆಸ್ ಸೆಟ್ ಜೋಡಿಸಿ, ಲಿಂಗಸುಗೂರು, ಮಸ್ಕಿ, ತುರ್ವಿಹಾಳಗಳಿಂದ ನೀರಿನ ಮಟ್ಟವನ್ನು ಅಕ್ಷರಗಳಲ್ಲಿ ಪರದೆಯ ಮೇಲೆ ತರಿಸಿಕೊಳ್ಳುವ ಏರ್ಪಾಟಾಗಿತ್ತು. ಸೆಟ್ಟಿಗೂ ಕಂಪ್ಯೂಟರಿಗೂ ನಡುವೆ ನಿಂತು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಕಾಯಿಸಬೇಕು ಎಂದು ನೋಡಿಕೊಳ್ಳುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆದವಳು ನಾನು. ಯಂತ್ರದ ಶಕ್ತಿ ನೋಡಿಕೊಂಡು ಒಮ್ಮೆಗೆ ಎರಡೇ ಸ್ಟೇಷನ್ ಎಂದು ಮಿತಿ ಇಟ್ಟಿದ್ದೆ. ಹಾಗಾಗಿ ಮಸ್ಕಿ, ತುರ್ವಿಹಾಳ ಒಳಗೆ ಕೂತವೆಂದರೆ ಲಿಂಗಸುಗೂರು ಹೊರಗೇ.

"ನಾಳೆ ಮುಂಜಾನೆ ದೊಡ್ಡ ಸಾಹೇಬ್ರು ನೋಡಾಕ ಬರತಾರವಾ. ಲಿಂಗಸುಗೂರು ಬರಲಿಲ್ಲಂದ್ರ ಈ ಡಬ್ಬಿ ಸ್ಟೋರ್ ರೂಮಿಗೆ, ನೀ ಟೈಪಿಂಗ್ ಸೆಕ್ಷನ್ನಿಗೆ," ಎಂದರು ನಮ್ಮ ಇಂಜಿನಿಯರು. ಟೈಪಿಂಗ್ ಸೆಕ್ಷನ್ನಿನಲ್ಲಿ ಯಂತ್ರಗಳ ಸದ್ದಿಗಿಂತ ಮಾತಿನ ಸದ್ದು ಜೋರು. ನನಗೆ ಗಾಬರಿಯಾಯಿತು. ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆ. ತಪ್ಪಿರಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ಮಸ್ಕಿಗೆ ಹೋದೆ.

ಅಲ್ಲಿನ ಆಪರೇಟರ್ ಅಮರಪ್ಪ ನನ್ನ ತಂದೆಯ ವಯಸ್ಸಿನವರು. ಸಂಪರ್ಕ ಮುಗಿಸುವ ಕೀಲಿಯನ್ನು ಏಕೆ ಒತ್ತುವುದಿಲ್ಲ ಎಂದು ಕೇಳಿದೆ.

"ಹೆಂಗ ಒತ್ತಲಿ ಮೇಡಮ್? ನಿಮ್ದು ದೊಡ್ಡ ಆಫೀಸು. ನಿಮಗಿಂತ ಮೊದ್ಲ ನಾ ಕಟ್ ಮಾಡಿದ್ರ ಮಾರಿ ಮ್ಯಾಲ ಬಾಗಲಾ ಹಾಕಿದಂಗ ಆಗತೈತ್ರಿ. ತುರ್ವಿಹಾಳದಾಂವಗೂ ಕಟ್ ಮಾಡಬ್ಯಾಡಂತ ನಾನ ಹೇಳೀನಿ."

"ಅದು ಯಂತ್ರ, ಅಮರಪ್ಪನವರೇ."

"ಯಂತ್ರದ ಹಿಂದ ನೀವು ಕುಂತೀರಲ್ರಿ!"

ಹೊರಡುವಾಗ, "ನಮ್ಮ ಮನ್ಯಾಕಿ ಕೊಟ್ಟಾಳ, ತಗೋರಿ," ಎಂದು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ ಕೈಗಿಟ್ಟರು. ತಪ್ಪಿಸಿಕೊಳ್ಳಲು ಬಕೆಟ್ ಇರಲಿಲ್ಲ, ತೆಗೆದುಕೊಂಡೆ.

ಸಂಜೆ ಕಚೇರಿಗೆ ಮರಳಿ ಡ್ರೈವರಿಗೆ ಸ್ವಲ್ಪ ಮರ್ಯಾದೆ ಕಲಿಸಿದೆ. ಒಂದಿಷ್ಟು ಹೊತ್ತು ಯಾರೂ ಮಾತಾಡದಿದ್ದರೆ ಸಿಂಧನೂರೇ ಮೊದಲು "ಬರ್ತೀವ್ರಿ" ಎನ್ನಬೇಕು. ಆಮೇಲೂ ಮೌನವಿದ್ದರೆ ಸಂಪರ್ಕ ಕಡಿಯಬೇಕು. ಆಗ ಅವಮಾನದ ಪ್ರಶ್ನೆಯೇ ಇಲ್ಲ. ಮಸ್ಕಿಯ ಮೇಲೆ ಪರೀಕ್ಷಿಸಿದೆ. ಯಂತ್ರ "ಬರ್ತೀವ್ರಿ" ಎಂದಿತು. ತಕ್ಷಣ ಇಂಗ್ಲಿಷ್ ಅಕ್ಷರಗಳಲ್ಲಿ ಅಮರಪ್ಪನವರ ಉತ್ತರ ಬಂತು: "ಹೂಂ ರೀ, ಹೋಗಿ ಬರ್ರಿ. ಚಾ ಆತೇನ್ರಿ?" ಮಾತು ಬಂತಲ್ಲ, ಮೌನದ ಲೆಕ್ಕ ಮೊದಲಿನಿಂದ ಶುರುವಾಯಿತು. ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ "ಬರ್ತೀವ್ರಿ" ಎಂದಿತು. "ಆಗ್ಲೇ ಹೇಳೀರಲ್ರಿ. ಹೋಗಾಕ ಮನಸ ಇಲ್ಲೇನು?" ಎಂದರು ಅಮರಪ್ಪ. ನಮ್ಮ ಕಡೆ ಹೊಸ್ತಿಲಲ್ಲಿ ನಡೆಯುವ ಬೀಳ್ಕೊಡುಗೆ ಒಳಗಿನ ಮಾತಿಗಿಂತ ಉದ್ದ ಎಂಬುದನ್ನು ನಾನು ಮರೆತಿದ್ದೆ. ಮೌನದ ಲೆಕ್ಕವನ್ನು ಅಳಿಸಿಹಾಕಿದೆ. ಯಾರೇ ಬರಲಿ, ಬಂದ ಗಳಿಗೆಯಿಂದ ಎಣಿಸಿ, ಹೊತ್ತು ಮುಗಿದೊಡನೆ ಮಾತಿನ ನಡುವೆಯೇ ಆದರೂ ಕಡಿಯಬೇಕು ಎಂದು ಬರೆದೆ.

ಮರುದಿನ ಬೆಳಿಗ್ಗೆ ಸಾಹೇಬರು ಬಂದರು. ಮಸ್ಕಿ, ತುರ್ವಿಹಾಳದ ಚುಕ್ಕೆಗಳು ಆರಿದವು, ಲಿಂಗಸುಗೂರಿನದು ಬೆಳಗಿತು. ಸಾಹೇಬರು ತಲೆಯಾಡಿಸಿ ಹೋದರು. ಡಬ್ಬಿ ಉಳಿಯಿತು, ನಾನೂ ಉಳಿದೆ. ಆಮೇಲೆ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಲಿಂಗಸುಗೂರಿನ ಹೊತ್ತೂ ಮುಗಿದು ಪರದೆಯಲ್ಲಿ ಒಂದು ಚುಕ್ಕೆಯೂ ಉಳಿಯಲಿಲ್ಲ. ನನಗೆ ಬೇಕಾದದ್ದು ಇದೇ ಆಗಿತ್ತು. ಆದರೂ ನಾನಾಗಿ ಮಸ್ಕಿಯನ್ನು ಕರೆದು, ಹಿಂಡಿ ಬಹಳ ರುಚಿಯಾಗಿತ್ತೆಂದು ಒಂದೊಂದೇ ಅಕ್ಷರ ಒತ್ತುತ್ತ ಬರೆದೆ. ನಿಮ್ಮ ಮನೆಯವರು ಅದಕ್ಕೆ ಬೆಳ್ಳುಳ್ಳಿ ಎಷ್ಟು ಹಾಕುತ್ತಾರೆ ಎಂದು ಕೇಳುವಷ್ಟರಲ್ಲಿ, ಬೆಳ್ಳುಳ್ಳಿಯ ನಡುವೆಯೇ ನನ್ನ ಡ್ರೈವರ್ ನನ್ನನ್ನು ಕಟ್ ಮಾಡಿತು.

ನಾನು ಮತ್ತೆ ಕರೆದೆ.